ಯಾತಕ್ಕೆ ಸಾಹೇಬರು

ಹಳೆಯ ಹೊದಿಕೆಯಲ್ಲಿ ಸುತ್ತಿದ ಸಿಪಿಯುವನ್ನು ಹಸುಗೂಸಿನಂತೆ ಎದೆಗವಚಿಕೊಂಡು, ಏದುಸಿರು ಬಿಡುತ್ತ ನಾನು ಆ ಅಂಗಡಿಯ ಮೆಟ್ಟಿಲು ಹತ್ತಿದಾಗ ಒಳಗೆ ಆಗಲೇ ಮೂವರು ಗಿರಾಕಿಗಳಿದ್ದರು. ಒಬ್ಬ ಮನುಷ್ಯನ ಮಾನ ಹೋಗುವುದಕ್ಕೆ ಅಷ್ಟು ಸಾಕ್ಷಿಗಳು ಧಾರಾಳ ಸಾಕು. ಹೊದಿಕೆ ಬಿಚ್ಚಿ ಸಿಪಿಯುವನ್ನು ಕೌಂಟರಿನ ಮೇಲಿಟ್ಟೆ. ಅದರ ಪಕ್ಕದಲ್ಲಿ, ಎರಡು ದಿನಗಳ ಹಿಂದೆ ಬೇರೆಲ್ಲಿಂದಲೋ ತರಿಸಿಕೊಂಡಿದ್ದ ಹೊಚ್ಚಹೊಸ ಮೆಮೊರಿ ಪಟ್ಟಿಯನ್ನೂ ಇಟ್ಟು, ವಿಷಯ ತಿಳಿದವನ ಧಾಟಿಯಲ್ಲಿ ಹೇಳಿದೆ: “ಇದನ್ನ ಹಾಕಿದಾಗಿಂದ ಮಷೀನ್ ಏಳ್ತಾನೇ ಇಲ್ಲ. ಬರೀ ಕುಂಯ್ ಕುಂಯ್ ಅಂತ ಕೂಗುತ್ತೆ. ಮಾಲೇ ಸರಿ ಇಲ್ಲ ಅನ್ಸುತ್ತೆ.”

ಕೌಂಟರಿನ ಆಚೆ ಬೂದಿಬಣ್ಣದ ಕೋಟು ತೊಟ್ಟು ನಿಂತಿದ್ದ ವ್ಯಕ್ತಿ ನನ್ನ ಪಟ್ಟಿಯನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡರು. ಆಮೇಲೆ ಒಂದು ತಗಡಿನ ಡಬ್ಬಿಯಿಂದ ಇನ್ನೊಂದು ಪಟ್ಟಿ ತೆಗೆದು ಅದರ ಪಕ್ಕಕ್ಕಿಟ್ಟರು. ನನ್ನದು ಅದರ ಅರ್ಧದಷ್ಟಿತ್ತು.

“ಇದು ಲ್ಯಾಪ್‌ಟಾಪಿಂದು,” ಎಂದರು. “ಹೇಗೆ ಹಾಕಿದ್ರಿ?”

“ಸ್ವಲ್ಪ ಒತ್ತಿದೆ.”

“ಅರ್ಧ ಜಾಗ ಖಾಲಿ ಉಳಿದಿರ್ಬೇಕಲ್ಲ?”

“ಕಾಲ ಹೋದ ಹಾಗೆ ಎಲ್ಲ ಸಾಮಾನೂ ಚಿಕ್ಕದಾಗ್ತಾ ಬರುತ್ತಲ್ಲ... ಹಾಗೆ ಅಂದ್ಕೊಂಡೆ.”

ಹಿಂದೆ ನಿಂತಿದ್ದವರಲ್ಲಿ ಒಬ್ಬರು ಕೆಮ್ಮಿದರು. ಶೀತದ ಕೆಮ್ಮಲ್ಲ ಅದು ಎಂಬುದು ಕಿವಿ ಇದ್ದ ಯಾರಿಗಾದರೂ ತಿಳಿಯುತ್ತಿತ್ತು. ಕೋಟಿನವರು ಮಾತ್ರ ನಗಲಿಲ್ಲ. ಸಿಪಿಯುವಿನ ಪಕ್ಕೆಯ ತಗಡು ಬಿಚ್ಚಿ, ನಾನು ಬೆವರುಗೈಯಲ್ಲಿ ಹಿಡಿದು ಅರೆಬರೆ ಸಿಕ್ಕಿಸಿದ್ದ ಹಳೆಯ ಪಟ್ಟಿಯನ್ನು ಹೊರತೆಗೆದರು. ಕೋಟಿನ ಎಡಗಡೆಯ ಮೇಲ್ಜೇಬಿನಿಂದ, ಶಾಲೆಯ ಮಕ್ಕಳು ಪೆನ್ಸಿಲ್ ಅಳಿಸುವ ಮಾಮೂಲಿ ರಬ್ಬರನ್ನು ತೆಗೆದು, ಪಟ್ಟಿಯ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು, ತಪ್ಪು ಲೆಕ್ಕ ಅಳಿಸುವ ತಾಳ್ಮೆಯಿಂದ, ಎರಡೂ ಬದಿ ಉಜ್ಜಿದರು. ಉಫ್ ಎಂದು ಊದಿ ಮತ್ತೆ ಕೂರಿಸಿ, ಅಂಗಡಿಯ ಪರದೆಗೆ ತಂತಿ ಸಿಕ್ಕಿಸಿ ಗುಂಡಿ ಒತ್ತಿದರು. ಎರಡು ದಿನ ನನ್ನನ್ನು ನಿದ್ದೆಗೆಡಿಸಿದ್ದ ಯಂತ್ರ ಒಂದೇ ಒಂದು ಸಲ ‘ಟಿಂಕ್’ ಎಂದು ಕಣ್ಣು ತೆರೆಯಿತು. ನನ್ನ ಒಂಬತ್ತು ವರ್ಷಗಳ ಬರವಣಿಗೆ ಅದರ ಹೊಟ್ಟೆಯಲ್ಲಿತ್ತು. ನನ್ನ ಕಾಲಿಗೆ ಅಲ್ಲೇ ನೆಲ ಸಿಕ್ಕಿತು.

“ಮೆಮೊರಿ ಜಾಸ್ತಿ ಮಾಡೋಕೆ ಹೊರಟಿದ್ರಿ,” ಎಂದರು ಅವರು. “ಯಾತಕ್ಕೆ?”

“ಬರೆಯೋಕೆ,” ಎಂದೆ. “ನಾನು ಪತ್ರಿಕೆಗಳಿಗೆ ಬರೀತೀನಿ.”

“ಬರೆಯೋಕೆ ಇಷ್ಟೇ ಸಾಕು. ಇನ್ನೂ ಇಪ್ಪತ್ತು ವರ್ಷ ಬರೀಬಹುದು.”

ಇದು ಯಂತ್ರದ ಮಾತೋ ನನ್ನ ಆಯುಷ್ಯದ ಬಗ್ಗೆ ಭರವಸೆಯೋ ಎಂದು ನಾನು ಯೋಚಿಸುತ್ತಿದ್ದಾಗಲೇ ಪರದೆಯ ಮೇಲೆ, ಯಂತ್ರ ಎದ್ದೊಡನೆ ತಾನಾಗಿ ಎದ್ದು ಬರುವ ಆ ಹಾಳು ಕಿಟಕಿ ಬಿಚ್ಚಿಕೊಂಡಿತು. ಕೋಟಿನವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ನ್ಯಾಯಾಲಯದಲ್ಲಿ ದಾಖಲೆ ಓದುವ ನಿರ್ವಿಕಾರ ಸ್ವರದಲ್ಲಿ, ಎಲ್ಲರಿಗೂ ಕೇಳುವಂತೆ ಓದಿದರು: “ಲಾರಿ ಓಡಿಸೋ ಆಟ. ಆಡಿದ್ದು ಮುನ್ನೂರ ಹನ್ನೆರಡು ಗಂಟೆ.”

ಹಿಂದಿನಿಂದ ಒಬ್ಬ ಹೆಂಗಸು ಮುಂದೆ ಬಂದು ನನ್ನ ಮುಖವನ್ನೇ ನೋಡಿದರು. “ಸಾರ್, ‘ಗುಂಡಿ ಒತ್ತುವ ಪೀಳಿಗೆ’ ಅಂತ, ಆಟದ ಹುಚ್ಚಿನ ಬಗ್ಗೆ ಬರೆದಿದ್ದು ನೀವೇ ಅಲ್ವಾ? ಅದನ್ನ ಕತ್ತರಿಸಿ ನನ್ನ ಮಗನ ಮೇಜಿನ ಮುಂದೆ ಅಂಟಿಸಿದೀನಿ.”

“ಅದು ಬೇರೆ ಯಾರೋ ಇರ್ಬೇಕಮ್ಮ.”

“ಫೋಟೋ ನಿಮ್ಮದೇ ಇತ್ತು.”

“ಹಳೇ ಫೋಟೋ,” ಎಂದೆ. ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಇವತ್ತಿನವರೆಗೂ ಹೊಳೆದಿಲ್ಲ.

ಹೀಗೆ ನನಗೆ ಪರಿಚಯವಾದವರನ್ನು ಊರಿನವರು ಕರೆಯುವುದು ಯಾತಕ್ಕೆ ಸಾಹೇಬರು ಎಂದು. ನಿಜವಾದ ಹೆಸರು ಅಂಗಡಿಯ ಬೋರ್ಡಿನ ಮೇಲಿದ್ದಿರಬಹುದು; ಆದರೆ ಬಿಸಿಲಿಗೆ ಬಣ್ಣ ಹೋಗಿ ಅಲ್ಲಿ ಈಗ ‘ರಿಪೇರಿ’ ಎಂಬ ಮೂರಕ್ಷರ ಮಾತ್ರ ಉಳಿದಿದೆ, ಮತ್ತು ಉಳಿದದ್ದರ ಅಗತ್ಯ ಯಾರಿಗೂ ಕಂಡಿಲ್ಲ. ಅರವತ್ತರ ಆಸುಪಾಸಿನ ಕೃಶಕಾಯರು. ಅಂಗಡಿಯೋ ರೈಲಿನ ಬೋಗಿಯ ಓಣಿಯಷ್ಟು ಅಗಲ. ಇಕ್ಕೆಲದಲ್ಲೂ ನೆಲದಿಂದ ಸೂರಿನವರೆಗೆ ಸತ್ತ, ಸಾಯುತ್ತಿರುವ, ಮತ್ತು ಸತ್ತೆನೆಂದು ಸುಳ್ಳು ಹೇಳುತ್ತಿರುವ ಯಂತ್ರಗಳ ಅಟ್ಟಣೆ. ಅವುಗಳ ನಡುವೆ ಮೂವತ್ತು ವರ್ಷ ಓಡಾಡಿದ ಫಲವಾಗಿ ಅವರ ನಡಿಗೆಯೇ ಅಡ್ಡವಾಗಿಬಿಟ್ಟಿದೆ: ಬಲಭುಜ ಮುಂದು, ಎಡಭುಜ ಹಿಂದು, ಹೊಟ್ಟೆ ಒಳಕ್ಕೆ. ವಿಶಾಲವಾದ ಬೀದಿಯಲ್ಲಿ, ಆಚೀಚೆ ಹತ್ತು ಮಾರು ಜಾಗ ಖಾಲಿ ಬಿದ್ದಿರುವಾಗಲೂ, ಅವರು ಹಾಗೆಯೇ ನಡೆಯುತ್ತಾರೆ; ಎರಡೂ ಬದಿಯಲ್ಲಿ ಕಣ್ಣಿಗೆ ಕಾಣದ ಮಾನಿಟರುಗಳು ಪೇರಿಸಿಟ್ಟಿದ್ದು, ತಾಗಿದರೆ ಉರುಳಿಬಿಟ್ಟಾವೆಂಬ ಎಚ್ಚರದಲ್ಲಿ.

ಆ ಕೋಟಿನ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಅದು ಮೂಲತಃ ನೀಲಿ ಎಂದು ಅವರ ಪತ್ನಿ ಪ್ರಮಾಣ ಮಾಡಿ ಹೇಳುತ್ತಾರೆ. ಕತ್ತಿನವರೆಗೆ ಗುಂಡಿ ಹಾಕಿದ ಆ ನಿಲುವಂಗಿಗೆ ಆರು ಜೇಬುಗಳು, ಒಂದೊಂದಕ್ಕೆ ಒಬ್ಬೊಬ್ಬ ನಿಗದಿತ ನಿವಾಸಿ: ಒಂದರಲ್ಲಿ ರಬ್ಬರು, ಒಂದರಲ್ಲಿ ಧೂಳು ಹೊಡೆಯುವ ಕುಂಚ, ಒಂದರಲ್ಲಿ ಸ್ಕ್ರೂಡ್ರೈವರು, ಒಂದರಲ್ಲಿ ಆಟೋಟದ ಮೇಷ್ಟ್ರುಗಳು ಕೊರಳಿಗೆ ತೂಗುಹಾಕಿಕೊಳ್ಳುವಂಥ ಸ್ಟಾಪ್‌ವಾಚು, ಒಂದರಲ್ಲಿ ಚೀಟಿ ಮತ್ತು ಪೆನ್ಸಿಲ್ಲು. ಆರನೆಯದು ಖಾಲಿ. ಯಾವುದೇ ಯಂತ್ರ ಬಿಚ್ಚಿದಾಗ ಅದರ ತಿರುಪುಗಳು ಆ ಆರನೆಯ ಜೇಬಿಗೆ ಹೋಗುತ್ತವೆ. ಕೆಲಸ ಮುಗಿದ ಮೇಲೆ ಸಾಹೇಬರು ಗಿರಾಕಿಯ ಕಣ್ಣೆದುರಿಗೇ ಆ ಜೇಬನ್ನು ಒಳಹೊರಗು ತಿರುವಿ, ನಾಲಿಗೆ ಹೊರಚಾಚಿದಂತೆ ಜೋತುಬಿದ್ದ ಬಟ್ಟೆಯನ್ನು ತೋರಿಸುತ್ತಾರೆ. ಏನೂ ಉಳಿದಿಲ್ಲ ಎಂಬುದಕ್ಕೆ ಅದೇ ರಸೀದಿ. ನಾನು ಮನೆಯಲ್ಲಿ ಬಿಚ್ಚಿ ಮುಚ್ಚಿದಾಗ ಮೂರು ತಿರುಪು ಉಳಿದಿದ್ದವು. ತಯಾರಿಸಿದವರು ಧಾರಾಳಿಗಳಿರಬೇಕು ಎಂದುಕೊಂಡು ಅವನ್ನು ಕಸದ ಬುಟ್ಟಿಗೆ ಹಾಕಿದ್ದೆ.

ಇನ್ನು ಆ ಪ್ರಶ್ನೆ. ಏನೇ ಕೇಳಿದರೂ ಸಾಹೇಬರು ಮೊದಲು ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಬಳಿಕ “ಯಾತಕ್ಕೆ?” ಎನ್ನುತ್ತಾರೆ. ಅದರಲ್ಲಿ ಕೊಂಕಿಲ್ಲ, ಕುತೂಹಲವೂ ಇಲ್ಲ. ವೈದ್ಯರು ನಾಲಿಗೆ ತೋರಿಸಿ ಎಂದಂತೆ. ದೊಡ್ಡ ಪರದೆ ಬೇಕೆಂದು ಬಂದ ವಕೀಲರೊಬ್ಬರನ್ನು ಯಾತಕ್ಕೆ ಎಂದು ಕೇಳಿ, ಅಕ್ಷರ ಚಿಕ್ಕದಾಗಿ ಕಾಣುತ್ತದೆಂದು ಗೊತ್ತಾಗಿ, ಅಕ್ಷರಗಳನ್ನು ದೊಡ್ಡದು ಮಾಡಿಕೊಟ್ಟು ಬರಿಗೈಯಲ್ಲಿ ಕಳಿಸಿದ್ದರಂತೆ. ಊರಿನಲ್ಲೇ ಅತಿ ವೇಗದ ಕಂಪ್ಯೂಟರು ಬೇಕೆಂದು ಹಟ ಹಿಡಿದಿದ್ದ ಗುತ್ತಿಗೆದಾರರೊಬ್ಬರು ಮೂರು ಸಲ ಯಾತಕ್ಕೆ ಎನ್ನಿಸಿಕೊಂಡು, ನಾಲ್ಕನೆಯ ಸಲಕ್ಕೆ, ಪಕ್ಕದ ಮನೆಯವರು ತಂದಿದ್ದಾರೆ ಎಂಬ ಸತ್ಯವನ್ನು ಕಕ್ಕಿ, ಹಗುರಾಗಿ ಮನೆಗೆ ಹೋದರಂತೆ. ಸಾಮಾನ್ಯ ಮರ್ಯಾದೆಗೆ “ಆರಾಮಾ ಸಾಹೇಬ್ರೇ?” ಎಂದವರಿಗೂ ಒಮ್ಮೊಮ್ಮೆ ಇದೇ ಪ್ರಶ್ನೆ ಬೀಳುವುದುಂಟು.

ಅಂಗಡಿಯ ಮುಂಭಾಗದ ಕಿಟಕಿಯ ಬಳಿ ಅವರ ಪತ್ನಿಯ ಹೊಲಿಗೆಯಂತ್ರವಿದೆ. ಆಕೆ ಮಾತಿನಲ್ಲಿ ಗಂಡನ ಕೊರತೆಯನ್ನೂ ಸೇರಿಸಿ ತುಂಬುವವರು. ಅವತ್ತೇ, ನನ್ನ ಪೆಚ್ಚುಮೋರೆ ನೋಡಿ ಕನಿಕರಪಟ್ಟು ಹೇಳಿದರು: “ಬೇಜಾರು ಮಾಡ್ಕೋಬೇಡಿ ಸಾರ್. ‘ನಮ್ಮ ಹುಡುಗಿ ನಿಮಗೆ ಒಪ್ಪಿಗೆನಾ’ ಅಂತ ನಮ್ಮಪ್ಪ ಕೇಳಿದಾಗ್ಲೂ ಈ ಮಹಾನುಭಾವರು ಇದನ್ನೇ ಕೇಳಿದ್ದು. ನಮ್ಮಪ್ಪ ಎದ್ದು ಹೊರಟೇಬಿಟ್ಟಿದ್ರು.”

“ಮತ್ತೆ ಹೇಗೆ ಒಪ್ಪಿದ್ರು?”

“ನಾನೇ ಒಳಗಿಂದ ಕೂಗಿದೆ, ‘ಜಗಳಕ್ಕೆ’ ಅಂತ. ಅದಕ್ಕೆ ಇವರು, ‘ಹಾಗಾದ್ರೆ ಆಗ್ಬಹುದು’ ಅಂದ್ರು.”

ಸಾಹೇಬರು ಇದನ್ನು ಅಲ್ಲಗಳೆಯಲಿಲ್ಲ. ನನ್ನ ಕಡೆ ತಿರುಗಿ, ಈಗಾಗಲೇ ಕೇಳಿದ್ದನ್ನು ಮತ್ತೊಮ್ಮೆ ಕೇಳಿದರು. “ಆಟಕ್ಕೆ ಅಂತಲೇ ಇಟ್ಕೊಳ್ಳೋಣ. ಆಟ ಯಾತಕ್ಕೆ?”

ಅಷ್ಟು ಹೊತ್ತಿಗೆ ಉಳಿದ ಗಿರಾಕಿಗಳು ಹೋಗಿದ್ದರು. ಮಾನ ಹೇಗೂ ಹೋಗಿತ್ತು. ಇನ್ನು ನಿಜ ಹೇಳುವುದಕ್ಕೆ ಅಡ್ಡಿಯೇನಿರಲಿಲ್ಲ. ಸ್ಟೂಲು ಎಳೆದುಕೊಂಡು ಕೂತು ಹೇಳಿದೆ.

ನನಗೊಬ್ಬ ತಮ್ಮನಿದ್ದಾನೆ. ಬೇರೆ ಊರಿನಲ್ಲಿ ಡ್ರೈವಿಂಗ್ ಸ್ಕೂಲು ನಡೆಸುತ್ತಾನೆ. ಸಾವಿರಾರು ಜನರ ಕೈಗೆ ಸ್ಟೀರಿಂಗು ಕೊಟ್ಟವನು. ಅಂಥವನು ಒಮ್ಮೆ ತನ್ನ ಮನೆಯ ಗೇಟಿನ ಕಂಬಕ್ಕೇ ಕಾರು ತಾಗಿಸಿ, ಯಾರಿಗೂ ಹೇಳಬೇಡ ಎಂದು ನನ್ನೊಬ್ಬನಿಗೆ ಹೇಳಿದ. ಹಾಸ್ಯ ಬರೆಯುವವರಿಗೆ ಗುಟ್ಟು ಹೇಳುವುದೆಂದರೆ ಸೋರುವ ಕೊಡಕ್ಕೆ ನೀರು ತುಂಬಿದಂತೆ. ಹೆಸರು ಹಾಕದೆ ಬರೆದೆ. ಆದರೆ ಗೇಟಿನ ಬಣ್ಣ, ಕಂಬದ ಮೇಲಿನ ಬಿಳಿ ದೀಪ, ಅವನು ಕಲಿಸುವಾಗ ಹೇಳುವ ‘ಕನ್ನಡಿ ನೋಡಿ, ಕನ್ನಡಿ ನೋಡಿ’ ಎಂಬ ಮಂತ್ರ, ಯಾವುದನ್ನೂ ಬಿಡಲಿಲ್ಲ. ಓದುಗರು ಬಿದ್ದು ಬಿದ್ದು ನಕ್ಕರು. ಅವನ ವಿದ್ಯಾರ್ಥಿಗಳು ಲೇಖನವನ್ನು ಕತ್ತರಿಸಿ ಕಾರಿನ ಕನ್ನಡಿಗೇ ಅಂಟಿಸಿದರು. ತಮ್ಮ ನನ್ನೊಡನೆ ಎರಡು ವರ್ಷ ನಾಲ್ಕು ತಿಂಗಳು ಮಾತಾಡಲಿಲ್ಲ. ನಾನೂ, ಅದು ಪೆನ್ನಿನ ತಪ್ಪು ಎಂದು ಒಮ್ಮೆ ಹೇಳಿ ಕಳಿಸಿದ್ದು ಬಿಟ್ಟರೆ, ಕ್ಷಮೆ ಕೇಳಲಿಲ್ಲ. ತಮಾಷೆ ಅರ್ಥವಾಗದವನು ಎಂದು ಅವನನ್ನೇ ದೂರಿಕೊಂಡು, ನನ್ನ ಕಡೆಗೆ ನ್ಯಾಯವನ್ನು ಜರುಗಿಸಿಕೊಂಡು ಕೂತೆ.

ಆಮೇಲೊಂದು ದಿನ, ಯಾವ ಪೀಠಿಕೆಯೂ ಇಲ್ಲದೆ ಅವನಿಂದ ಒಂದು ಸಾಲು ಬಂತು: “ಇಬ್ಬರು ಆಡಬಹುದಾದ ಲಾರಿ ಆಟ ಇದೆ. ಭಾನುವಾರ ನಾಲ್ಕಕ್ಕೆ.” ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ನಾಲ್ಕರಿಂದ ಐದೂವರೆ. ಮುಂದಿನ ಲಾರಿ ಅವನದು, ಹಿಂದಿನದು ನನ್ನದು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಇಲ್ಲದ ರಸ್ತೆಯಲ್ಲಿ ಇಲ್ಲದ ಸರಕು ಹೊತ್ತು, ನಾವಿಬ್ಬರೂ ಒಟ್ಟಿಗೆ ಹೋಗುತ್ತೇವೆ. ಮಾತು ಕಡಮೆ. “ಎಡಕ್ಕೆ ತಿರುವಿದೆ ಅಣ್ಣ,” “ಡೀಸೆಲ್ ನೋಡ್ಕೋ,” ಇಷ್ಟೇ. ಅವನು ಅಣ್ಣ ಎನ್ನುವುದನ್ನು ಕೇಳುವುದಕ್ಕಾಗಿ ನಾನು ಎಷ್ಟು ದೂರ ಬೇಕಾದರೂ ಲಾರಿ ಓಡಿಸಿಯೇನು. ಉಳಿದ ಗಂಟೆಗಳೆಲ್ಲ ಭಾನುವಾರ ಅವನೆದುರು ಮುಖಭಂಗವಾಗದಿರಲೆಂದು ನಾನೊಬ್ಬನೇ ಮಾಡಿದ ಅಭ್ಯಾಸ.

ಕಷ್ಟವೆಂದರೆ ನನ್ನ ಕಂಪ್ಯೂಟರಿಗೆ ಒಂಬತ್ತು ವರ್ಷ. ಬಯಲಿನಲ್ಲಿ ಹೇಗೋ ಹೋಗುತ್ತದೆ. ಪಟ್ಟಣ ಬಂದೊಡನೆ ಪರದೆ ಕಲ್ಲಾಗಿ ನಿಲ್ಲುತ್ತದೆ. ಎರಡು ಕ್ಷಣ, ಮೂರು ಕ್ಷಣ. ಮತ್ತೆ ಚಿತ್ರ ಚಲಿಸುವ ಹೊತ್ತಿಗೆ ನನ್ನ ಲಾರಿ ತಮ್ಮನ ಲಾರಿಯ ಬೆನ್ನಿಗೆ ಹೋಗಿ ಬಡಿದಿರುತ್ತದೆ. ಕಳೆದ ಭಾನುವಾರ ಮೂರು ಸಲ ಬಡಿದೆ. ಮೂರನೆಯದಾದ ಮೇಲೆ ಅವನು ಲಾರಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಆಮೇಲೆ ಮೆಲ್ಲಗೆ ಹೇಳಿದ: “ಹಿಂದಿನಿಂದ ಗುದ್ದೋದು ನಿನಗೆ ಅಭ್ಯಾಸ ಆಗಿಬಿಟ್ಟಿದೆ ಅಣ್ಣ. ಇನ್ನೊಂದು ಸಲ ಆದ್ರೆ ನಾನು ಇದನ್ನ ಮುಚ್ಚಿಬಿಡ್ತೀನಿ.” ಬೇಕೆಂದೇ ಮಾಡುತ್ತಿದ್ದೇನೆ ಎಂದು ಅವನು ತಿಳಿದಿದ್ದ. ಯಂತ್ರದ ತಪ್ಪು ಎಂದೆ. “ಗೇಟಿನ ವಿಷಯದಲ್ಲೂ ನೀನು ಪೆನ್ನಿನ ತಪ್ಪು ಅಂದಿದ್ದೆ,” ಎಂದ.

ಇಷ್ಟನ್ನೂ ಕೇಳಿದ ಸಾಹೇಬರು ಸಮಾಧಾನದ ಮಾತೊಂದನ್ನೂ ಆಡಲಿಲ್ಲ. “ಭಾನುವಾರಕ್ಕೆ ನಾಲ್ಕು ದಿನ ಇದೆ,” ಎಂದಷ್ಟೇ ಹೇಳಿ, ಸ್ಟಾಪ್‌ವಾಚು ತೆಗೆದರು. “ಓಡಿಸಿ.”

“ಇಲ್ಲೇ?”

“ಮತ್ತೆಲ್ಲಿ?”

ಐವತ್ತೆರಡರ ವಯಸ್ಸಿನಲ್ಲಿ, ಬೀದಿಗೆ ಪೂರ್ತಿ ತೆರೆದ ಅಂಗಡಿಯಲ್ಲಿ ಕೂತು, ಹೋಗುವವರು ಬರುವವರು ಇಣುಕಿ ನೋಡುತ್ತಿರುವಾಗ ನಾನು ಲಾರಿ ಓಡಿಸಿದೆ. ಸಾಹೇಬರು ಪರದೆಯತ್ತ ಕಣ್ಣೆತ್ತಿಯೂ ನೋಡಲಿಲ್ಲ. ಕಣ್ಣು ಮುಚ್ಚಿ, ಎರಡು ಬೆರಳನ್ನು ಸಿಪಿಯುವಿನ ತಗಡಿನ ಮೇಲಿಟ್ಟು, ನಾಡಿ ಹಿಡಿದವರಂತೆ ನಿಂತಿದ್ದರು. ಪಟ್ಟಣ ಬಂತು, ಪರದೆ ಕಲ್ಲಾಯಿತು, ಒಳಗೆಲ್ಲೋ ಇಲಿ ಕಾಗದ ಕೆರೆಯುವಂಥ ಸದ್ದು. ಹತ್ತು ನಿಮಿಷದ ಬಳಿಕ ಕಣ್ಣು ತೆರೆದು ಚೀಟಿಯ ಮೇಲೆ ಬರೆದರು: ಹದಿನಾಲ್ಕು.

“ಹದಿನಾಲ್ಕು ಸಲ ನಿಂತಿದೆ. ಮೇಜು ಚಿಕ್ಕದು,” ಎಂದರು. “ಕಾಗದ ಹರಡೋಕೆ ಜಾಗ ಇಲ್ಲ. ಒಂದು ಬೇಕು ಅಂದ್ರೆ ಇನ್ನೊಂದನ್ನ ಉಗ್ರಾಣಕ್ಕೆ ಇಟ್ಟು ಬರ್ಬೇಕು. ಆ ಓಡಾಟದ ಸದ್ದು ಅದು.”

“ಹಾಗಾದ್ರೆ ಮೇಜು ದೊಡ್ಡದು ಮಾಡಿ, ಮುಗೀತು!”

“ಮೊದಲು ತೆಗೀಬೇಕು. ಆಮೇಲೆ ಹಾಕೋದು.”

ಇದೇ ಅವರ ಹಟ. ಮೂವತ್ತು ವರ್ಷದಿಂದ ಬಿಡದ ವ್ರತ. ಯಾವ ಯಂತ್ರಕ್ಕೂ ಏನನ್ನೂ ಸೇರಿಸುವ ಮೊದಲು ಅದರಲ್ಲಿ ಇರುವುದನ್ನು ಒಂದೊಂದಾಗಿ ತೆಗೆದು, ಪ್ರತಿ ಸಲವೂ ಓಡಿಸಿ ನೋಡುತ್ತಾರೆ. ತೆಗೆದ ಮೇಲೂ ಓಡಿದರೆ “ಇದಿಲ್ಲದಿದ್ರೂ ನಡೆಯುತ್ತೆ” ಎಂದು ಪಕ್ಕಕ್ಕೆ ಸರಿಸುತ್ತಾರೆ. ನನ್ನ ಯಂತ್ರದಲ್ಲಿ ನನಗೇ ತಿಳಿಯದಂತೆ ಬೆಳಗಿನಿಂದ ಸಂಜೆಯವರೆಗೆ ದುಡಿಯುತ್ತಿದ್ದ ಹತ್ತೊಂಬತ್ತು ಸಣ್ಣಪುಟ್ಟ ತಂತ್ರಾಂಶಗಳಿದ್ದವು: ಎಂದೋ ಮಾರಿದ ಪ್ರಿಂಟರಿಗಾಗಿ ಕಾಯುತ್ತಿದ್ದುದು ಒಂದು, ಹವಾಮಾನ ಹೇಳುವವು ಎರಡು, ಮತ್ತು ಆ ಎರಡರ ನಡುವೆ ಒಮ್ಮತವಿರಲಿಲ್ಲ. ಒಂದೊಂದನ್ನೂ ತೆಗೆದು, ಒಂದೊಂದು ಸಲವೂ ನನ್ನಿಂದ ಲಾರಿ ಓಡಿಸಿದರು. ಹದಿನಾಲ್ಕು ಒಂಬತ್ತಕ್ಕೆ ಇಳಿಯಿತು. ನನ್ನ ಬೆನ್ನುಹುರಿಯೂ ಸ್ವಲ್ಪ ಇಳಿಯಿತು.

ಮರುದಿನ ತಗಡಿನ ಡಬ್ಬಿ ತೆರೆದರು. ಸತ್ತ ಯಂತ್ರಗಳಿಂದ ಬಿಡಿಸಿಟ್ಟ ಮೆಮೊರಿ ಪಟ್ಟಿಗಳ ಖಜಾನೆ ಅದು. ಒಂದೇ ತಳಿಯವನ್ನು ಜೋಡಿ ಮಾಡಿ, ಪತ್ನಿಯ ಹೊಲಿಗೆಯ ದಾರದಿಂದ ಕಟ್ಟಿಟ್ಟಿದ್ದರು. ಕೆಂಪು ದಾರದ ಜೋಡಿ, ಹಸಿರು ದಾರದ ಜೋಡಿ. ಮೊದಲು ದಾರವಿಲ್ಲದ ಒಂಟಿ ಪಟ್ಟಿ, ನನ್ನದರ ಎರಡರಷ್ಟು ಹಿಡಿಸುವಂಥದ್ದು, ಒಂದನ್ನೇ ಹಾಕಿ ಓಡಿಸಿದರು. ಒಂಬತ್ತು ಹೋಗಿ ಒಂದಾಯಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆದರೆ ಪರದೆಯ ಮೂಲೆಯಲ್ಲಿ, ಕ್ಷಣಕ್ಕೆ ಎಷ್ಟು ಚಿತ್ರ ಬರುತ್ತಿದೆ ಎಂದು ತೋರಿಸುವ ಅಂಕಿ ಇಪ್ಪತ್ತೇಳು ಇದ್ದದ್ದು ಇಪ್ಪತ್ತೆಂಟು ಆಗಿತ್ತಷ್ಟೆ.

“ಇದೇನು, ವೇಗ ಹೆಚ್ಚಾಗಲೇ ಇಲ್ಲವಲ್ಲ?”

“ಎಡವೋದು ನಿಂತಿತು. ಓಟ ಅಷ್ಟೇ.”

“ಇನ್ನೂ ಎರಡರಷ್ಟು ಹಾಕಿದ್ರೆ?”

“ಮೇಜು ಸಾಕಷ್ಟಾದ ಮೇಲೆ ಇನ್ನೂ ದೊಡ್ಡದು ಮಾಡಿದ್ರೆ ಬರೆಯೋ ಕೈ ಜೋರಾಗಲ್ಲ. ಮೇಜು ಒರೆಸೋ ಕೆಲಸ ಜಾಸ್ತಿ ಆಗುತ್ತೆ.”

ಆದರೂ ಆ ಒಂಟಿ ಪಟ್ಟಿ ತೆಗೆದು, ಒಂದೊಂದೂ ಅದರ ಅರ್ಧದಷ್ಟು ಹಿಡಿಸುವ ಕೆಂಪು ದಾರದ ಜೋಡಿಯನ್ನು ಒಂದೇ ಬಣ್ಣದ ಎರಡು ಗೂಡುಗಳಿಗೆ ಕೂರಿಸಿದರು. ಒಟ್ಟು ಮೊತ್ತ ಅದೇ. ಆದರೆ ಅಂಕಿ ಮೂವತ್ಮೂರಕ್ಕೆ ಏರಿತು. ನನ್ನ ಯಂತ್ರದಲ್ಲಿ ಚಿತ್ರ ಬರೆಯುವ ಭಾಗಕ್ಕೆ ಸ್ವಂತ ಮೆಮೊರಿ ಇಲ್ಲ, ಅದೂ ಇದೇ ಮೇಜಿನ ಮೇಲೇ ಕೆಲಸ ಮಾಡಬೇಕು, ಎರಡು ಬಾಗಿಲಿದ್ದರೆ ಅದರ ಓಡಾಟಕ್ಕೆ ಸಲೀಸು ಎಂದು ವಿವರಿಸಿದರು. ಅವರು ಅಷ್ಟು ಉದ್ದ ಮಾತಾಡಿದ್ದನ್ನು ಕೇಳಿ ಪತ್ನಿ ಹೊಲಿಗೆ ನಿಲ್ಲಿಸಿ ತಿರುಗಿ ನೋಡಿದರು.

“ಮರಗಿಡ ಎಲ್ಲ ಇನ್ನೂ ಚೆಂದ ಕಾಣ್ತವಾ?” ಎಂದು ಆಸೆಯಿಂದ ಕೇಳಿದೆ.

“ಇಲ್ಲ.”

“ನೀರಿನ ಮೇಲೆ ಬಿಸಿಲು?”

“ಇಲ್ಲ. ಅದಕ್ಕೆ ಬೇರೆ ಕಾರ್ಡ್ ಬೇಕು. ನೀವು ಹಿಂದಿನ ಲಾರಿ ಅಂದ್ರಲ್ಲ. ಮುಂದಿನ ಲಾರಿ ನೋಡಿದ್ರೆ ಸಾಕು.”

ಕೊಂಡುಬಿಡುತ್ತೇನೆ ಎಂದೆ. ಕೊಡಲಿಲ್ಲ. ಯಾವ ವಸ್ತುವನ್ನೂ ಮೊದಲ ದಿನವೇ ಮಾರುವುದಿಲ್ಲವೆಂಬುದು ಅವರ ಇನ್ನೊಂದು ಹಟವೆಂದು ಆಗ ತಿಳಿಯಿತು. “ಭಾನುವಾರ ಓಡಿಸಿ ನೋಡಿ. ಸೋಮವಾರ ಬನ್ನಿ. ಎಷ್ಟು ಸಲ ನಿಂತಿತು ಅಂತ ಬರ್ಕೊಂಡು ಬನ್ನಿ,” ಎಂದು ಚೀಟಿಯೊಂದನ್ನು ಕೈಗಿತ್ತು, ಆರನೆಯ ಜೇಬು ತಿರುವಿ ತೋರಿಸಿದರು. ನಾನು ಮನೆಯಲ್ಲಿ ಕಳೆದಿದ್ದ ಮೂರು ತಿರುಪುಗಳ ಜಾಗದಲ್ಲಿ ಅವರದೇ ಮೂರು ಬಂದು ಕೂತಿದ್ದವು. ಹೊರಡುವಾಗ ಹಿಂದಿನಿಂದ ಕರೆದು ಹೇಳಿದರು: “ಮುಂದಿನ ಗಾಡಿಯಿಂದ ಸ್ವಲ್ಪ ದೂರ ಇರಿ. ಅದಕ್ಕೆ ಮೆಮೊರಿ ಬೇಡ.”

ಭಾನುವಾರ ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿರುವಾಗಲೇ ನಾನು ಕೂತಿದ್ದೆ. ನನ್ನವಳು ಬಾಗಿಲಲ್ಲಿ ನಿಂತು, “ಪರೀಕ್ಷೆಗೆ ಕೂತ ಹಾಗೆ ಕೂತಿದೀರಲ್ಲ,” ಎಂದಳು. ಅವಳ ದನಿಯಲ್ಲೂ ಆತಂಕವಿತ್ತು, ಏಕೆಂದರೆ ಆ ಎರಡು ವರ್ಷ ನಾಲ್ಕು ತಿಂಗಳು ಮನೆಯಲ್ಲಿ ನನ್ನನ್ನು ಸಹಿಸಿಕೊಂಡವಳು ಅವಳೇ. ಬಯಲು ದಾಟಿತು. ಸೇತುವೆ ದಾಟಿತು. ದೂರದಲ್ಲಿ ಪಟ್ಟಣದ ಗೋಪುರಗಳು ಕಂಡವು. ತಮ್ಮನ ಲಾರಿಯ ಬೆನ್ನು ನನ್ನಿಂದ ಮೂವತ್ತು ಅಡಿ ಮುಂದೆ, ಕೆಂಪು ದೀಪ ಮಿನುಗಿಸುತ್ತ ಹೋಗುತ್ತಿತ್ತು. ಮನೆಗಳು ಬಂದವು, ಅಂಗಡಿಗಳು ಬಂದವು, ಕಾರುಗಳು ಬಂದವು, ಪರದೆ ನಿಲ್ಲಲಿಲ್ಲ. ಇಲಿ ಕೆರೆಯಲಿಲ್ಲ. ಚೌಕದಲ್ಲಿ ಸಿಗ್ನಲ್ ಬಿತ್ತು. ತಮ್ಮ ನಿಲ್ಲಿಸಿದ. ನಾನು ಬ್ರೇಕ್ ಒತ್ತಿದೆ. ಒತ್ತಿದ ಕ್ಷಣಕ್ಕೇ, ಒತ್ತಿದಷ್ಟೇ, ನನ್ನ ಲಾರಿ ಅವನ ಬೆನ್ನಿಗೆ ಹತ್ತಡಿ ಹಿಂದೆ ನಯವಾಗಿ ನಿಂತಿತು. ನಾನು ಹಿಡಿದಿದ್ದ ಉಸಿರು, ಬಹುಶಃ ಆ ಲೇಖನ ಅಚ್ಚಾದ ದಿನದಿಂದ ಹಿಡಿದಿದ್ದು, ಹೊರಗೆ ಬಂತು.

ಸಿಗ್ನಲ್ ಹಸಿರಾಯಿತು. ತಮ್ಮನ ಲಾರಿ ಕದಲಲಿಲ್ಲ.

“ಬ್ರೇಕ್ ಹಿಡಿಯೋದು ಕಲಿತೆ ಅಂತಾಯ್ತು,” ಎಂದ.

“ಯಂತ್ರ ರಿಪೇರಿ ಮಾಡಿಸ್ದೆ. ನಿಜವಾಗ್ಲೂ ಯಂತ್ರದ್ದೇ ಕಣೋ.” ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. “ಗೇಟಿನದು ಮಾತ್ರ ನಂದೇ. ಪೆನ್ನಿನದಲ್ಲ. ತಪ್ಪಾಯ್ತು.”

ಹೆಡ್‌ಫೋನಿನಲ್ಲಿ ಅವನು ಮೂಗು ಸೀಟಿದ ಸದ್ದು. “ಬರೆಯೋಕೆ ಮುಂಚೆ ನನಗೊಂದು ಮಾತು ತೋರಿಸ್ಬಹುದಿತ್ತು.”

“ಹೌದು.”

“ತೋರಿಸಿದ್ರೆ ಸರಿ ಮಾಡಿ ಕೊಡ್ತಿದ್ದೆ. ಅವತ್ತು ಕಂಬಕ್ಕೆ ತಾಗಿಸಿದ್ದು ಒಂದು ಸಲ ಅಲ್ಲ, ಎರಡು ಸಲ. ಮೊದಲನೇದು ಹಿಂದಕ್ಕೆ ಬರುವಾಗ. ಎರಡನೇದು ಏನಾಗಿದೆ ನೋಡೋಣ ಅಂತ ಮುಂದಕ್ಕೆ ತಗೊಂಡಾಗ.”

ನಾವಿಬ್ಬರೂ ಎಷ್ಟು ನಕ್ಕೆವೆಂದರೆ, ಇಲ್ಲದ ಆ ಊರಿನ ಚೌಕದಲ್ಲಿ ಇಲ್ಲದ ಗಾಡಿಗಳ ಸಾಲು ಒಂದು ಮೈಲಿ ಬೆಳೆಯಿತು. ನನ್ನವಳು ಓಡಿಬಂದು ಹೆಡ್‌ಫೋನ್ ಕಿತ್ತುಕೊಂಡು ತಾನೇ ಮೈದುನನೊಡನೆ ಮಾತಿಗೆ ಕೂತಳು. ಲಾರಿಗಳು ಅಲ್ಲೇ ನಿಂತವು.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕಾದೆ. ಸಾಹೇಬರು ಬೀದಿಯ ಆ ತುದಿಯಿಂದ, ಕಾಣದ ಮಾನಿಟರುಗಳ ನಡುವೆ, ಭುಜ ಮುಂದಾಗಿ ಬಂದರು. ತಮ್ಮನ ವಿಷಯ, ಗೇಟಿನ ವಿಷಯ, ನಗುವಿನ ವಿಷಯ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಬೀಗ ತೆಗೆಯುತ್ತ ಕೇಳಿದ್ದು ಒಂದೇ: “ಎಷ್ಟು ಸಲ ನಿಂತಿತು?”

“ಒಂದೇ ಸಲ. ಅದು ನಾವಾಗೇ ನಿಲ್ಲಿಸಿದ್ದು.”

“ಹಾಗಾದ್ರೆ ಸೊನ್ನೆ,” ಎಂದು ಚೀಟಿಯಲ್ಲಿ ಬರೆದುಕೊಂಡರು. ಕೆಂಪು ದಾರವನ್ನು ಬೆರಳಿಗೆ ಸುತ್ತಿ ಬಿಡಿಸಿ ಪತ್ನಿಯ ರೀಲಿಗೆ ಹಿಂದಿರುಗಿಸಿದರು. ಆ ಜೋಡಿ ಅಂದಿನಿಂದ ನನ್ನದಾಯಿತು. ನಾನು ತಂದಿದ್ದ ಗಿಡ್ಡ ಪಟ್ಟಿ ಈಗ ನನ್ನ ಪುಸ್ತಕಗಳ ನಡುವೆ ಪುಟದ ಗುರುತಾಗಿ ದುಡಿಯುತ್ತಿದೆ. ಆ ಕೆಲಸಕ್ಕೆ ಅದರ ಉದ್ದ ಹೇಳಿ ಮಾಡಿಸಿದಂತಿದೆ.

ಇದನ್ನೆಲ್ಲ ಬರೆದ ಮೇಲೆ, ಜೀವನದಲ್ಲಿ ಮೊದಲ ಬಾರಿಗೆ, ಅಚ್ಚಿಗೆ ಕಳಿಸುವ ಮುನ್ನ ಬರಹವನ್ನು ಯಾರ ಬಗ್ಗೆ ಬರೆದೆನೋ ಅವರ ಕೈಗೇ ಕೊಟ್ಟೆ. ತಮ್ಮ ತನ್ನ ಭಾಗವನ್ನು ಓದಿ, ಕಂಬದ ದೀಪ ಹಳದಿಯಲ್ಲ ಬಿಳಿ ಎಂದು ತಿದ್ದಿ ಒಪ್ಪಿಗೆ ಕೊಟ್ಟ. ಸಾಹೇಬರು ಹಾಳೆಗಳನ್ನು ಕೌಂಟರಿನ ಮೇಲೆ ಹರಡಿಕೊಂಡು, ಕನ್ನಡಕ ಇಳಿಸಿ, ನಿಂತೇ ಓದತೊಡಗಿದರು. ಕೋಟಿನ ಬಣ್ಣದ ಮಾತಿಗೆ ಏನೆಂದಾರು, ನಡಿಗೆಯ ಮಾತಿಗೆ ಏನೆಂದಾರು ಎಂದು ಅವರ ಹುಬ್ಬನ್ನೇ ನೋಡುತ್ತಿದ್ದೆ. ನಡುನಡುವೆ ಅವರು ಒಂದೊಂದು ಹಾಳೆಯನ್ನು ಎತ್ತಿ ಪಕ್ಕಕ್ಕಿಟ್ಟು, ಅದರ ಹಿಂದಿನದರಿಂದ ಮುಂದಿನದಕ್ಕೆ ಓದಿ, ಮತ್ತೆ ಅದನ್ನು ಸ್ವಸ್ಥಾನಕ್ಕೆ ಸೇರಿಸುತ್ತಿದ್ದರು. ನಾನು ಕಾಯುತ್ತ ಕೂತೆ. ಹೊಲಿಗೆಯಂತ್ರ ಟಕಟಕ ಎನ್ನುತ್ತಿತ್ತು. ಲೋಕವೆಲ್ಲ ಸೇರಿಸುವವರಿಂದಲೇ ತುಂಬಿದೆ: ಇನ್ನಷ್ಟು ವೇಗ, ಇನ್ನಷ್ಟು ಜಾಗ, ನನ್ನಂಥವರಾದರೆ ಒಂದು ನಗುವಿಗಾಗಿ ಇನ್ನಷ್ಟು ಉಪ್ಪುಖಾರ. ಅದರ ನಡುವೆ ಎಲ್ಲೋ ಒಂದು ಓಣಿಯಂಥ ಅಂಗಡಿಯಲ್ಲಿ, ಮೊದಲು ತೆಗೆದು ನೋಡುವ, ಇಲ್ಲದಿದ್ದರೂ ನಡೆಯುವುದನ್ನು ಇಲ್ಲದೆಯೇ ನಡೆಸುವ, ಕೊಡುವುದಾದರೆ ಬೇಕಾದಷ್ಟನ್ನೇ ಅಳೆದು ಕೊಡುವ ಈ ಜಾತಿಯ ಮನುಷ್ಯರು ಇರುತ್ತಾರೆ. ಅವರು ನಮ್ಮ ಓಟವನ್ನು ಹೆಚ್ಚಿಸುವುದಿಲ್ಲ. ನಾವು ಎಡವಿ ಮುಂದಿನವನ ಬೆನ್ನಿಗೆ ಬಡಿಯುವುದನ್ನು ಮಾತ್ರ ತಪ್ಪಿಸುತ್ತಾರೆ. ನಾವೆಲ್ಲ ಇನ್ನೂ ಒಬ್ಬರೊಡನೊಬ್ಬರು ಮಾತಾಡಿಕೊಂಡಿರುವುದರಲ್ಲಿ ಇಂಥವರ ಪಾಲು ಎಷ್ಟಿದೆಯೋ ಯಾರೂ ಎಣಿಸಿಲ್ಲ.

ಕೊನೆಗೆ ಹಾಳೆಗಳನ್ನು ತಟ್ಟಿ ಅಂಚು ಸರಿಮಾಡಿ ನನ್ನ ಕಡೆಗೆ ಸರಿಸಿದರು. ಮುಖದಲ್ಲಿ ಕೋಪವಿರಲಿಲ್ಲ. ಅಬ್ಬ ಎನಿಸಿತು.

“ಹೇಗಿದೆ ಸಾಹೇಬ್ರೇ?”

ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು ಹೇಳಿದರು: “ನಾನಿರೋ ಹಾಳೆಗಳನ್ನ ತೆಗೆದು ಓದಿ ನೋಡಿದೆ. ಆಗ್ಲೂ ನಡೆಯುತ್ತೆ.”